ಹೆಸರಿಲ್ಲದ ಸಾಲು

ನಮ್ಮ ಅಂಗಡಿಯ ಚೀಟಿಯಲ್ಲಿ ‘ಕೊಟ್ಟವರು’ ಎಂಬ ಜಾಗ ಖಾಲಿ ಇದ್ದರೆ ಆ ಮಾಲನ್ನು ನಾನು ಕೊಟ್ಟಿದ್ದೇನೆ ಎಂದು ಅರ್ಥ. ಪುಣೆಯ ಹಡಪಸರದ ನಮ್ಮ ಗಿರಾಕಿಗಳಿಗೆಲ್ಲ ಅದು ಗೊತ್ತಿತ್ತು. ಕೆಲಸದವರು ಕೊಟ್ಟರೆ ಅವರ ಹೆಸರು ಅಚ್ಚಾಗುತ್ತಿತ್ತು. ನನ್ನದು ಆಗುತ್ತಿರಲಿಲ್ಲ. ಆ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿದವಳು ನನ್ನ ಹೆಂಡತಿ, ಮತ್ತು ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ.

ಬಾಯಿಂದ ಹೇಳಬಾರದು ಸರಿ, ಬರೆಯಲಿಕ್ಕೇನು ಎಂದು ನಾನೂ ಒಮ್ಮೆ ಕೇಳಿದ್ದೆ.

“ಬರದ್ರ ಓದಬೇಕಾಗ್ತದ. ಓದಿದ್ರ ಹೇಳಿದಂಗ ಆತು. ಖಾಲಿ ಇದ್ರ ನೀವಂತ ಅದಕ್ಕ ಹೇಳಿಟ್ಟೀನಿ, ಸುಮ್ಮನಿರ್ರಿ” ಎಂದಿದ್ದಳು. ಬಾಗಲಕೋಟೆಯಲ್ಲಿ ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕೋರ್ಸ್ ಮಾಡಿದವಳು. ಎಷ್ಟೋ ಕಟ್ಟಳೆಗಳನ್ನು ನಕ್ಕು ಬಿಟ್ಟವಳು ಇದೊಂದನ್ನು ಯಾಕೆ ಹಿಡಿದುಕೊಂಡಿದ್ದಳೋ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಬೇರೆಯವರ ಅಂಗಡಿಯಲ್ಲಿ ಬೇರಿಂಗಿನ ಡಬ್ಬಿ ಹೊತ್ತು, ಆಮೇಲೆ ನನ್ನದೇ ಅಂಗಡಿ ಹಾಕಿದೆ. ಯಂತ್ರಗಳಿಗೆ ಬೇಕಾಗುವ ಬೇರಿಂಗು, ಬೆಲ್ಟು, ಆಯಿಲ್ ಸೀಲು. ಯಾರ ಶಿಫಾರಸೂ ಇಲ್ಲದೆ ಕಟ್ಟಿದ್ದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲಿಷ್ ಓದಲು ನಾನು ತಡವರಿಸುತ್ತೇನೆಂದು ಆಕೆ ನನಗಾಗಿಯೇ ಪರದೆಗಳನ್ನು ಮಾಡಿದ್ದಳು: ದಪ್ಪ ಕನ್ನಡ ಅಕ್ಷರ, ಅಂಗಡಿಯ ಎಡಗೋಡೆಯ ರ‍್ಯಾಕು ಪರದೆಯಲ್ಲೂ ಎಡಕ್ಕೆ, ಬಲದ್ದು ಬಲಕ್ಕೆ. ತಪ್ಪಿ ಒಂದು ಸೊನ್ನೆ ಹೆಚ್ಚು ಒತ್ತಿದರೆ ‘ಇಷ್ಟ್ಯಾಕ? ಮತ್ತೊಮ್ಮೆ ನೋಡ್ರಿ’ ಎಂದು ಬರುತ್ತಿತ್ತು. ಪುಸ್ತಕದ ಕನ್ನಡವಲ್ಲ. ಆಕೆ ಒಲೆಯ ಮುಂದೆ ನಿಂತು ಹೇಳುವ ಹಾಗೆಯೇ.

ಆಕೆ ತೀರಿಹೋದ ಮೇಲೂ ಪರದೆ ಹಾಗೆಯೇ ಕೇಳುತ್ತಿತ್ತು. ಚೀಟಿಗಳು ಹಾಗೆಯೇ ಖಾಲಿ ಜಾಗ ಬಿಟ್ಟು ಹೊರಬರುತ್ತಿದ್ದವು. ಮೊದಮೊದಲು ಚೀಟಿ ಹರಿದು ಆ ಖಾಲಿ ಜಾಗವನ್ನೇ ನೋಡುತ್ತ ನಿಲ್ಲುತ್ತಿದ್ದೆ. ಆಕೆ ಇಲ್ಲ, ಆಕೆಯ ಸಂಕೋಚ ಮಾತ್ರ ದಿನವಿಡೀ ಕೆಲಸ ಮಾಡುತ್ತಿದೆ. ಬರಬರುತ್ತ ಅದಕ್ಕೇ ಒಗ್ಗಿಹೋದೆ. ಒಗ್ಗಿಹೋದೆ ಎನ್ನುವುದಕ್ಕಿಂತ, ಅದಿಲ್ಲದೆ ಆಗದು ಎನ್ನುವ ಹಾಗಾದೆ.

ಮೆಟ್ಟಿಲ ಕೆಳಗಿದ್ದ ಆ ಕಂಪ್ಯೂಟರ್ ಮಾತ್ರ ಸಾಯಲಿಕ್ಕೆ ಬಂದಿತ್ತು. ನಡುನಡುವೆ ತಾನೇ ಆರಿ ತಾನೇ ಏಳುತ್ತಿತ್ತು. ತಳೇಗಾಂವದ ನಮ್ಮ ದೊಡ್ಡ ಗಿರಾಕಿ, ಒಂದು ಕಾರ್ಖಾನೆಯವರು, ನಮ್ಮ ರ‍್ಯಾಕಿನಲ್ಲಿ ಏನಿದೆ ಏನಿಲ್ಲ ಎಂಬುದು ತಮ್ಮ ಕಚೇರಿಯಲ್ಲೇ ಕಾಣಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಹೀಗಾಗಿ ಇದ್ದದ್ದನ್ನೆಲ್ಲ ಕ್ಲೌಡಿಗೆ ಸಾಗಿಸಬೇಕಾಯಿತು.

ಸಾಗಿಸಲು ಬಂದವಳು ವಾಕಡದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಎಂಜಿನಿಯರ್, ಮಂಡ್ಯದ ಕಡೆಯ ಹೆಣ್ಣುಮಗಳು. ಬಂದ ದಿನವೇ ಕುರ್ಚಿ ಎಳೆದುಕೊಂಡು ಕೂತಳು.

“ಸಾರ್, ಏನೇನು ಹೋಗಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರ್ದು.”

“ಹೇಳ್ರಿ.”

“ಇದು ತುಂಬಾ ಹಳೇ ವರ್ಷನ್ನು. ನೇರ ಹೋಗಲ್ಲ, ನಡುವೆ ಒಂದು ಮೆಟ್ಟಿಲು ಹತ್ತಿಸ್ಬೇಕು. ಕೊನೇ ಕಾಪಿ ಮಾಡೋವಾಗ ಅಂಗಡೀಲಿ ಯಾರೂ ಏನೂ ಎಂಟ್ರಿ ಮಾಡೋ ಹಾಗಿಲ್ಲ. ಇಂಟರ್ನೆಟ್ ಲೈನ್ ಎರಡು ಬೇಕು. ಮತ್ತೆ ಅಲ್ಲಿ ಎಲ್ಲ ಸಾಲಿಗೂ ಒಂದು ಗುರುತು ಇರ್ಲೇಬೇಕು, ಅದು ಖಾಲಿ ಇರೋ ಹಾಗಿಲ್ಲ.”

ನಮ್ಮ ಸ್ಟೋರ್‌ಕೀಪರ್, ಸೊಲ್ಲಾಪುರದ ಕಡೆಯ ಮುದುಕ, ರ‍್ಯಾಕಿನ ಕಡೆಯಿಂದಲೇ ಕೂಗಿದ: “ಬಾಯಿಸಾಹೇಬ, ಹಂಗಾರ ನಮ್ಮ ಮಾಲಕ್ರು ಹೋಗೂದಿಲ್ಲ ಬಿಡ್ರಿ. ಅವರು ಖಾಲೀನ ಅದಾರ!”

ನಾನೂ ನಕ್ಕೆ. ಮುದುಕ ಅಂದದ್ದೇ ನಿಜವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಪರೀಕ್ಷೆಗೆಂದು ಮೊದಲ ಸಲ ಕಾಪಿ ಮಾಡಿದಾಗ ಜನರ ಪಟ್ಟಿಯಲ್ಲಿ ಎಲ್ಲರೂ ದಾಟಿದರು, ಹೆಸರಿಲ್ಲದ ಒಂದು ಸಾಲು ಉಳಿಯಿತು. ಕೊಟ್ಟವನೇ ಇಲ್ಲದ ಮೇಲೆ ಕೊಟ್ಟದ್ದು ಹೇಗಿರುತ್ತದೆ? ನಾನು ಈ ಕೈಯಿಂದ ಕೊಟ್ಟ ಮಾಲಿನ ಸಾಲುಗಳೆಲ್ಲ ನನ್ನ ಜೊತೆಗೇ ಹಳೆಯ ಕಂಪ್ಯೂಟರಿನಲ್ಲಿ ಉಳಿದವು. ಬಂದ ಮಾಲಿನಿಂದ ಕೊಟ್ಟ ಮಾಲನ್ನು ಕಳೆದು ಉಳಿದದ್ದನ್ನು ತೋರಿಸುವುದು ಆಕೆಯ ಪರದೆಯ ಕೆಲಸ. ಕಳೆಯಲು ನನ್ನದೇನೂ ಇರಲಿಲ್ಲವಾದ್ದರಿಂದ, ನಾನು ಮಾರಿದ್ದೆಲ್ಲ ತಿರುಗಿ ರ‍್ಯಾಕಿಗೆ ಬಂದು ಕೂತಿತ್ತು.

ಎಂಜಿನಿಯರ್ ತಲೆ ಕೆರೆದುಕೊಂಡಳು. “ಅಯ್ಯೋ, ಸ್ಟಾಕ್ ನೋಡಿ ಸಾರ್, ಗೋಡೌನೇ ಸಾಲಲ್ಲ.”

ನಾನು ಪರದೆಯಲ್ಲಿ ಹುಡುಕುತ್ತ ಹೋದೆ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ ಬೆಳಗ್ಗೆ ಅವಸರದಲ್ಲಿ ಒಂದು ಗಿರಣಿಯವನಿಗೆ ಬೆಲ್ಟ್ ಕೊಟ್ಟು ಹೊರಟಿದ್ದೆ. ಆ ಅಳತೆಯದು ಆಮೇಲೆ ತರಿಸಿಯೇ ಇಲ್ಲ. ಅದು ಅಲ್ಲಿತ್ತು. ಬಲಗೋಡೆ, ಮೇಲಿನ ಸಾಲು, ಒಂದು. ಹಾಗಾದರೆ ಆ ಕಾಪಿಯಲ್ಲಿ ಆ ಬೆಳಗು ಆಗಿಯೇ ಇಲ್ಲ. ಆಕೆಯ ಹೆಸರಿನ ಎಂಟ್ರಿಗಳು ಮಾತ್ರ ಒಂದೂ ಮುಕ್ಕಾಗದೆ ದಾಟಿದ್ದವು: ಇಂಥ ದಿನ ಇಷ್ಟು ಡಬ್ಬಿ ಬಂತು, ಇಷ್ಟು ಎಣಿಸಿ ಇಟ್ಟೆ. ತುಂಬಿದ ಅಂಗಡಿಯಲ್ಲಿ ಆಕೆ ಒಬ್ಬಳೇ ಕೂತಿದ್ದಳು. ನಾನು ಅಲ್ಲಿ ಹುಟ್ಟಿಯೇ ಇರಲಿಲ್ಲ.

ಏಣಿ ಹಾಕಿ ಬಲಗೋಡೆಯ ಮೇಲಿನ ಸಾಲಿಗೆ ಕೈ ಹಾಕಿದೆ. ಧೂಳು.

“ಮಾಲಕ್ರ, ಏನ್ ಹುಡಕಾಕತ್ತೀರಿ? ಕಂಪ್ಯೂಟರ್ ಹೇಳ್ತಂದ್ರ ರ‍್ಯಾಕ್‌ನ್ಯಾಗ ಬೆಲ್ಟ್ ಮರಿ ಹಾಕ್ತದೇನ್ರಿ?” ಎಂದ ಮುದುಕ. ನನ್ನ ಮುಖ ನೋಡಿ ಏಣಿಯನ್ನು ಹಿಡಿದು ನಿಂತುಬಿಟ್ಟ.

ಆ ವಾರ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಆ ಪರೀಕ್ಷೆಯ ಕಾಪಿಯನ್ನು ತೆರೆದು ನೋಡುತ್ತಿದ್ದೆ. ನೋಡಬಾರದು ಅನ್ನಿಸುತ್ತಿತ್ತು, ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ. ಆದರೂ ನೋಡುತ್ತಿದ್ದೆ.

ಎಂಜಿನಿಯರ್ ಎರಡು ದಾರಿ ಹೇಳಿದಳು. “ಖಾಲಿ ಜಾಗಕ್ಕೆ ನಿಮ್ಮ ಹೆಸರು ಹಾಕ್ಬಿಡೋದು, ಅದು ಒಂದು. ಹೆಸರು ಖಾಲೀನೇ ಇರ್ಬೇಕು ಅಂದ್ರೆ, ಎಲ್ಲರಿಗೂ ಒಂದೊಂದು ನಂಬರ್ ಕೊಡ್ತೀನಿ, ಅದೇ ಗುರುತು ಆಗುತ್ತೆ. ಆದ್ರೆ ಮೇಡಂ ಮಾಡಿರೋ ಸ್ಕ್ರೀನೆಲ್ಲ ಹೆಸರಿಂದಾನೇ ಹುಡುಕ್ತವೆ. ಅವು ನಂಬರ್‌ಗೆ ನಡೆಯಲ್ಲ. ಎಲ್ಲ ಬಿಸಾಕಿ ಹೊಸದು ಬರೀಬೇಕು.”

“ಅಕಿ ಬರದ ಮಾತು?”

“ಅದೇ ಮಾತು ನಾನು ಹಾಕ್ಕೊಡ್ತೀನಿ ಸಾರ್, ಅಕ್ಷರ ಕೂಡ ಬಿಡಲ್ಲ.”

“ಆಗ ನೀವ್ ಹೇಳಿದಂಗ ಆಗ್ತದಲ್ರೀ.”

ಎಂಜಿನಿಯರಿಗೆ ಅರ್ಥವಾಯಿತೋ ಇಲ್ಲವೋ, ತನ್ನ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, “ಯೋಚ್ನೆ ಮಾಡಿ ಹೇಳಿ” ಎಂದು ಹೋದಳು.

ಯೋಚನೆ ಮಾಡಲು ಏನಿತ್ತು? ಒಂದು ಕಡೆ ಆಕೆ ನನ್ನನ್ನು ಕರೆಯದೆ ಬಿಟ್ಟ ಜಾಗ. ಇನ್ನೊಂದು ಕಡೆ ಆಕೆ ನನ್ನ ಜೊತೆ ಆಡುವ ನಾಲ್ಕು ಮಾತು. ಎರಡರಲ್ಲಿ ಒಂದನ್ನು ಬಿಡಬೇಕು, ಬಿಡುವವನು ನಾನೇ ಆಗಬೇಕು. ಕಾರ್ಖಾನೆಯವರನ್ನು ಕಳೆದುಕೊಂಡರೂ ಸರಿ, ಹಳೆಯದನ್ನೇ ಇಟ್ಟುಕೊಳ್ಳೋಣ ಎಂದೂ ಅನ್ನಿಸಿತು. ಆದರೆ ಆ ಕಂಪ್ಯೂಟರ್ ಒಂದು ದಿನ ಆರಿ ಏಳದಿದ್ದರೆ ಎರಡೂ ಹೋಗುತ್ತವೆ. ಮಾತು ಉಳಿಯಲಿ, ಖಾಲಿ ಜಾಗ ಹೋಗಲಿ ಎಂದುಕೊಂಡೆ. ನನ್ನ ಹೆಸರನ್ನು ಹೇಳುವವಳು ಆಕೆಯಲ್ಲ, ನಾನು, ಅದರ ಪಾಪ ಆಕೆಗೆ ತಟ್ಟುವುದಿಲ್ಲ.

ಕೊನೆಯ ಕಾಪಿಗೆ ಅಮಾವಾಸ್ಯೆ ಗೊತ್ತು ಮಾಡಿದೆವು, ಅಂದು ಗಿರಾಕಿ ಕಡಿಮೆ. “ಅಮಾಸಿ ದಿನ ಹೊಸಾ ಮನಿ ಹೊಕ್ಕಾರೇನ್ರಿ ಯಾರರೆ?” ಎಂದು ಮುದುಕ ಗೊಣಗಿ, ಕಂಪ್ಯೂಟರಿನ ಮುಂದೆ ಒಂದು ನಿಂಬೆಹಣ್ಣು ಇಟ್ಟ.

“ಹೆಸರು ಹೇಳಿ ಸಾರ್, ನಾನೇ ಹೊಡೀತೀನಿ.”

“ಬ್ಯಾಡ್ರಿ. ನಾನ ಬರೀತೀನಿ.”

ಒಂದೇ ಬೆರಳಿನಿಂದ ಒತ್ತಿದೆ. ಶಾಲೆಯ ಪಟ್ಟಿಯಲ್ಲಿ ಮಾಸ್ತರರು ಕರೆದಿದ್ದ ಹೆಸರು. ಆಮೇಲೆ ಯಾರೂ ಅದನ್ನು ಪೂರ್ತಿ ಕರೆದಿರಲಿಲ್ಲ: ಊರಿಗೆ ನಾನು ಮಾಲಕ್ರು, ಮನೆಯಲ್ಲಿ ‘ಇಲ್ಲಿ ಕೇಳ್ರಿ’. ಬರೆದು ಮುಗಿಸಿದಾಗ ಅದು ಯಾರೋ ಹೊಸ ನೌಕರನ ಹೆಸರಿನ ಹಾಗೆ ಕಂಡಿತು.

ಸಾಲುಗಳು ದಾಟಲು ತೊಡಗಿದವು. ಪರದೆಯಲ್ಲಿ ರ‍್ಯಾಕುಗಳು ಕಣ್ಣೆದುರೇ ಖಾಲಿಯಾಗುತ್ತ ಬಂದವು. ಬಲಗೋಡೆಯ ಬೆಲ್ಟ್ ಹೋಯಿತು. ಆ ಬೆಳಗು ತನ್ನ ಜಾಗಕ್ಕೆ ಬಂದು ಕೂತಿತು. ಅದರ ಹಿಂದೆ ಆಸ್ಪತ್ರೆಯೂ ಬಂತು, ಮುಂದಿನದೆಲ್ಲವೂ ಬಂತು.

“ಟ್ಯಾಲಿ ಆಯ್ತು ಸಾರ್!” ಎಂದು ಎಂಜಿನಿಯರ್ ಚಪ್ಪಾಳೆ ತಟ್ಟಿದಳು. ಆಮೇಲೆ ಹುಬ್ಬು ಗಂಟಿಕ್ಕಿ, “ಒಬ್ಬರು ಯೂಸರ್ ಇದ್ದಾರೆ, ವರ್ಷಗಳಿಂದ ಲಾಗಿನ್ನೇ ಆಗಿಲ್ಲ, ಯಾರಿವರು?” ಎಂದು ಹೆಸರನ್ನು ಜೋರಾಗಿ ಓದಿದಳು.

ಅಂಗಡಿಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು. ಮುದುಕ ಎಣಿಸುತ್ತಿದ್ದ ಸೀಲುಗಳನ್ನು ಹಿಡಿದುಕೊಂಡೇ ನಿಂತ. ಒಳಗಿನಿಂದ ಯಾರಾದರೂ ‘ಹಾಂ, ಬಂದೆ’ ಎನ್ನುತ್ತಾರೇನೋ ಎಂದು ನಾನೂ ಒಂದು ಕ್ಷಣ ಕಾದೆ.

“ನನ್ನ ಹೆಂಡತಿ” ಎಂದೆ.

ಎಂಜಿನಿಯರ್ ತಲೆ ತಗ್ಗಿಸಿದಳು. ಮೆಲ್ಲಗೆ ಹೇಳಿದಳು: “ತೆಗೆಯಕ್ಕೆ ಆಗಲ್ಲ ಸಾರ್. ಒಳಗಿನ ಕೆಲಸ ಎಲ್ಲಾ ಅವರ ಹೆಸರಲ್ಲೇ ನಡಿಯೋದು. ಆ ಹೆಸರು ಅಲ್ಲಿ ಇಲ್ದಿದ್ರೆ ಒಂದು ಚೀಟೀನೂ ಬರಲ್ಲ. ಬೇಕಾದ್ರೆ ನಿಮ್ಮ ಹೆಸರಿಗೆ ಮಾಡ್ಕೊಡ್ತೀನಿ.”

“ಬ್ಯಾಡ. ಅಕಿ ಹೆಸರಲೇನ ಇರಲಿ.”

“ಹಾಗಾದ್ರೆ ಲಾಕ್ ಮಾಡಿಡ್ತೀನಿ. ಕೆಲಸ ನಡಿಯುತ್ತೆ. ಆದ್ರೆ ಆ ಹೆಸರಲ್ಲಿ ಇನ್ನು ಯಾರೂ ಒಳಗೆ ಬರೋ ಹಾಗಿರಲ್ಲ. ಮಾಡ್ಲಾ?”

ಹೊರಗೆ ತಳೇಗಾಂವದ ಟೆಂಪೊ ಹಾರ್ನ್ ಹಾಕುತ್ತಿತ್ತು. ಅವರಿಗೆ ಅಮಾವಾಸ್ಯೆ ಇಲ್ಲ. “ಮಾಡ್ರಿ” ಎಂದು ಹೇಳಿ, ಎಂಜಿನಿಯರ್ ಕೀಲಿ ಒತ್ತುವುದನ್ನು ನೋಡದೆ ಎದ್ದು ಮಾಲು ತೆಗೆದುಕೊಡಲು ಹೋದೆ.