ಕ್ಯಾಮೆರಾ ಹಿಂದಿನವರ ಸಂಘ

ಸಂಘವೊಂದರ ಕಾರ್ಯದರ್ಶಿಯಾಗಲು ವಿಶೇಷ ಅರ್ಹತೆಯೇನೂ ಬೇಡ, ಆಯ್ಕೆಯ ದಿನ ಸಭೆಗೆ ತಡವಾಗಿ ಹೋದರೆ ಸಾಕು. ಹೊತ್ತಿಗೆ ಸರಿಯಾಗಿ ಬಂದವರೆಲ್ಲ ಒಬ್ಬೊಬ್ಬರಾಗಿ ಬೇಡವೆಂದು ತಪ್ಪಿಸಿಕೊಂಡಿರುತ್ತಾರೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಚಪ್ಪಾಳೆ ಬಿತ್ತು. ಯಾರಿಗೋ ಸನ್ಮಾನವಿರಬೇಕೆಂದು ನಾನೂ ಚಪ್ಪಾಳೆ ತಟ್ಟುತ್ತಲೇ ಒಳಗೆ ಹೋದೆ. ಅಂದಿನಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ಛಾಯಾಗ್ರಾಹಕರ ಸಂಘಕ್ಕೆ ನಾನೇ ಕಾರ್ಯದರ್ಶಿ. ಮಧುಗಿರಿಯ ನನ್ನ ಸ್ಟುಡಿಯೋದಲ್ಲಿ ಈಗ ಗಿರಾಕಿಗಳಿಗಿಂತ ಸಂಘದ ಬ್ಯಾನರುಗಳೇ ಹೆಚ್ಚು.

ಸುಸ್ತಾಗಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವಾಗ ಫೋಟೋದವನು ಯಾಕೆ ಬೇಕು ಎಂಬುದನ್ನು ಜನಕ್ಕೆ ತಿಳಿಸಿ ಹೇಳುವುದು ನಮ್ಮ ಸಂಘದ ಧ್ಯೇಯ. ಹೇಗೆ ಹೇಳುವುದು? ಡಾಕ್ಟರುಗಳು ಮುಷ್ಕರ ಹೂಡಿದರೆ ಊರು ನರಳುತ್ತದೆ. ಬಸ್ಸಿನವರು ಹೂಡಿದರೆ ಊರು ನಿಲ್ಲುತ್ತದೆ. ನಾವು ಹೂಡಿದರೆ ಮದುವೆಮನೆಯವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರುತ್ತಾರೆ, ಅಷ್ಟೇ. ನಮ್ಮಜ್ಜಿಯ ಕಾಲದಲ್ಲಿ ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂಬ ಭಯವಿತ್ತಂತೆ. ಆ ಭಯದಲ್ಲೂ ಒಂದು ಮರ್ಯಾದೆಯಿತ್ತು ನೋಡಿ. ಈಗ ತಟ್ಟೆ ಇಡ್ಲಿಗೂ ಫೋಟೋ ತೆಗೆದೇ ತಿನ್ನುತ್ತಾರೆ. ಆಯಸ್ಸು ಕಡಿಮೆಯಾಗುವುದು ಇಡ್ಲಿಯದು ಮಾತ್ರ.

ಹೋದ ಸಭೆಯಲ್ಲೂ ವೃತ್ತಿಗೌರವದ ಬಗ್ಗೆ ಬಿಸಿಬಿಸಿ ಚರ್ಚೆಯಾಯಿತು. ಶಿರಾದವರು ಬೈಕ್ ರ‍್ಯಾಲಿ ಎಂದರು. ಕೊರಟಗೆರೆಯವರು ಯಾರಾದರೂ ದೊಡ್ಡವರನ್ನು ಕರೆಸಿ ಶಾಲು ಹೊದಿಸೋಣ ಎಂದರು. ಆಗ ಹಿಂದಿನ ಸಾಲಿನಿಂದ ರತ್ನಮ್ಮ ಎದ್ದು ನಿಂತರು. ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಕಡೆ ತಂದೆಯ ಕಾಲದ ಸ್ಟುಡಿಯೋ ನಡೆಸುವ, ನಮ್ಮ ಸಂಘದ ಒಬ್ಬರೇ ಹೆಣ್ಣುಮಗಳು.

"ಶಾಲು ಆಮ್ಯಾಲೆ ಹೊದಿಸೀರಂತೆ ಬುಡಣ್ಣಾ. ನಮ್ಮ ಹೈಸ್ಕೂಲ್ನಾಗೆ ಈ ಸಲ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋಗೆ ನನ್ನ ಕರೀತಿಲ್ಲ. ಮೇಷ್ಟ್ರೇ ಮೊಬೈಲ್ನಾಗೆ ತೆಗೀತಾರಂತೆ. ಈ ಸ್ಕೂಲು ಬುಟ್ರೆ ಮಿಕ್ಕಿದ ಸ್ಕೂಲ್ನೋರೂ ಬುಡ್ತಾರೆ. ಆಮ್ಯಾಲೆ ಷಟರ್ ಎಳೆದು ಗಾರ್ಮೆಂಟ್ಸ್‌ಗೆ ಹೋಗೋದೇ ನಾನು."

ಸಭೆ ತಣ್ಣಗಾಯಿತು. ಅವರ ಷಟರಿನ ಸದ್ದು ಎಲ್ಲರಿಗೂ ತಮ್ಮ ತಮ್ಮ ಅಂಗಡಿಯದೇ ಎನ್ನುವಂತೆ ಕೇಳಿಸಿರಬೇಕು. ಉಪವಿಭಾಗಾಧಿಕಾರಿಗಳಿಗೆ ಮನವಿ ಕೊಡುವುದೆಂದು ಆ ಕೂಡಲೇ ತೀರ್ಮಾನವಾಯಿತು.

ಹೋದೆವು. ನಾಲ್ಕೂ ತಾಲ್ಲೂಕಿನವರು ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಮಧುಗಿರಿಯ ಕಚೇರಿಯ ಮುಂದೆ ಸೇರಿದೆವು. ಅಧಿಕಾರಿಗಳು ಹೊರಗೆ ಬಂದು ನಗುತ್ತಾ ಕೈ ಚಾಚಿದರು. ಅಲ್ಲೇ ಎಡವಟ್ಟಾಯಿತು. ದೊಡ್ಡವರು ಕೈ ಚಾಚಿದರೆಂದರೆ ನಮ್ಮ ಕಸುಬಿನಲ್ಲಿ ಅದು ಕ್ಲಿಕ್ಕಿಸುವ ಗಳಿಗೆ. ಅಷ್ಟೂ ಜನ ಅಭ್ಯಾಸಬಲದಿಂದ ಹಿಂದೆ ಸರಿದು ಕ್ಯಾಮೆರಾ ಎತ್ತಿದರು. ಕಾರ್ಯದರ್ಶಿಯಾದರೂ ಮುಂದಿರಬೇಕಿತ್ತಲ್ಲ ಎನ್ನುತ್ತೀರಿ. ಮನವಿ ನನ್ನ ಕಂಕುಳಲ್ಲೇ ಇತ್ತು, ನಾನು ಒಂದು ಕಣ್ಣು ಮುಚ್ಚಿ ಫೋಕಸ್ ಮಾಡುತ್ತಿದ್ದೆ. ಎದುರಿಗೆ ಸಾಹೇಬರು, ಅವರ ಚಾಚಿದ ಕೈ, ಅದರಾಚೆ ಬರೀ ಗಾಳಿ.

"ಕೊಡೋರು ಯಾರಾದ್ರೂ ಇದೀರೇನ್ರೀ, ಇಲ್ಲಾ ಎಲ್ಲಾ ತೆಗೆಯೋರೇನಾ?" ಎಂದರು ಅವರು.

ರತ್ನಮ್ಮನೇ ನನ್ನ ಕಂಕುಳಿಂದ ಕಾಗದ ಎಳೆದು ಅವರ ಕೈಗಿತ್ತರು. ಅಧಿಕಾರಿಗಳು ಓದಿದರು. ಶಾಲೆಯ ಫೋಟೋ ಹೆಡ್‌ಮಾಸ್ಟರಿಗೆ ಬಿಟ್ಟ ವಿಷಯ, ಅವರನ್ನೇ ಕೇಳಿ ನೋಡಿ ಎಂದು ಸಮಾಧಾನವಾಗಿಯೇ ಹೇಳಿದರು.

"ಏಂ ಲಾಭಮಣ್ಣಾ?" ಎಂದರು ರತ್ನಮ್ಮ ತಮ್ಮ ಗಡಿಸೀಮೆಯ ತೆಲುಗಿನಲ್ಲಿ, ಮೆಟ್ಟಿಲಿಳಿಯುತ್ತಾ. "ಇಷ್ಟು ಮಂದಿ ಬಂದು ಬರೀ ಅಡ್ರೆಸ್ ಕೇಳ್ಕಂಡು ಹೋದಂಗಾತು."

ಮರುದಿನ ಪಾವಗಡದ ಬಸ್ಸು ಹತ್ತಿದೆ. ಹೋಗದಿದ್ದರೆ ಆಕೆಗೆ ಮುಖ ತೋರಿಸುವುದು ಹೇಗೆ ಎಂಬುದಷ್ಟೇ ಕಾರಣ, ಗೆಲ್ಲುತ್ತೇವೆಂಬ ಭ್ರಮೆಯೇನೂ ಇರಲಿಲ್ಲ. ಹೆಡ್‌ಮಾಸ್ಟರರ ಮುಂದೆ ನಾನು ಕಲೆ, ಪರಂಪರೆ, ನೆನಪಿನ ಸಂಪತ್ತು ಎಂದೆಲ್ಲ ಭಾಷಣ ಬಿಗಿದೆ. ಅವರು ಮರ್ಯಾದಸ್ಥರು, ಬಾಯಿಗೆ ಕೈ ಅಡ್ಡವಿಟ್ಟುಕೊಂಡೇ ಆಕಳಿಸಿದರು. ನನಗೇ ಆಕಳಿಕೆ ಬರುವಂತಿತ್ತು, ಅವರನ್ನು ಅಂದು ಏನು ಬಂತು?

ಆಗ ನನ್ನ ಪಕ್ಕದಲ್ಲಿದ್ದ ರತ್ನಮ್ಮ ಕೇಳಿದರು: "ಸಾರ್, ಹೋದ ಸ್ಕೂಲ್ ಡೇ ದಿನ ನೀವು ಮೇಷ್ಟ್ರುಗಳೆಲ್ಲಾ ನಿಂತು ನಿಮ್ಮ ಮೊಬೈಲ್ನಾಗೆ ತೆಗೆಸ್ಕಂಡ್ರಲ್ಲಾ, ಒಂದ್ಸಲ ತೋರಿಸ್ರಿ ಸಾರ್."

ಹೆಡ್‌ಮಾಸ್ಟರು ಫೋನು ತೆಗೆದು ಬೆರಳಾಡಿಸಿದರು. ಬಿಸಿಯೂಟದ ಮೊಟ್ಟೆ ಬಂತು. ಕೈ ತೊಳೆಯುವ ಮಕ್ಕಳು, ಶೌಚಾಲಯದ ಬಾಗಿಲು, ನೆಟ್ಟ ಸಸಿ, ಮತ್ತೆ ಮೊಟ್ಟೆ. ಇಲಾಖೆಗೆ ದಿನವೂ ಪಟ ಕಳಿಸಬೇಕಲ್ಲ, ಪಾಪ. ನಡುನಡುವೆ ಶುಭೋದಯ ಹೇಳುವ ಗುಲಾಬಿಗಳು. ಅವರ ಬೆರಳು ಸೋತಿತು.

"ಮೆಮೊರಿ ಫುಲ್ ಆಗಿತ್ತು ಕಣಮ್ಮ. ಅಳಿಸ್ಬುಟ್ಟೆ ಅನ್ಸುತ್ತೆ."

"ಮೊಟ್ಟೆ ಎಲ್ಲಾ ಭದ್ರವಾಗವೆ ಬುಡಿ ಸಾರ್. ಮೇಷ್ಟ್ರುಗಳೇ ಇಲ್ಲ."

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಕನ್ನಡಕ ಒರೆಸಿಕೊಂಡು, "ಆಯ್ತು, ಶನಿವಾರ ಬಾ ತಾಯಿ" ಎಂದರು. ರತ್ನಮ್ಮ ಬೇರೆ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರು ಎನ್ನುವಂತೆ. ಇಷ್ಟು ವರ್ಷದ ನನ್ನ ಭಾಷಣಗಳಿಗೆ ಯಾರೂ ಬಗ್ಗದಿದ್ದರೂ ಆಕೆಯ ಒಂದು ಮಾತಿಗೆ ಹೆಡ್‌ಮಾಸ್ಟರು ಬಗ್ಗಿದ್ದು ಕಂಡು ನನಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಶನಿವಾರ ನಾನೂ ಹೋಗಿದ್ದೆ, ಸಂಘದ ವತಿಯಿಂದ ಬೆಂಚು ಹೊರಲು. ಕುಳ್ಳರು ಮುಂದೆ, ಉದ್ದದವರು ಹಿಂದೆ, ನಡುವಿನ ಕುರ್ಚಿಯಲ್ಲಿ ಹೆಡ್‌ಮಾಸ್ಟರು. ಅವರು ಅಲ್ಲೂ ಫೋನು ನೋಡುತ್ತಿದ್ದರು.

"ಸಾರ್, ಫೋನು ಜೇಬಿಗೆ ಹಾಕ್ಕಳಿ" ಎಂದರು ಕ್ಯಾಮೆರಾ ಹಿಂದಿನಿಂದ ರತ್ನಮ್ಮ. ಹಾಕಿಕೊಂಡರು. "ಗದ್ದ ಒಂಚೂರು ಮ್ಯಾಲಕ್ಕೆ." ಎತ್ತಿದರು. "ಅಷ್ಟೊಂದು ಬ್ಯಾಡ." ಇಳಿಸಿದರು.

ಬೆಂಚು ಹೊತ್ತ ಸೊಂಟ ನೋಯುತ್ತಿತ್ತು, ಆದರೂ ನಾನು ನೆಟ್ಟಗೆ ನಿಂತು ನೋಡಿದೆ. ಕಚೇರಿ ಕಚೇರಿಯ ಬಾಗಿಲಲ್ಲಿ ಕೈಮುಗಿದು ನಿಂತು ನಿಂತು ನಮಗೆ ಒಂದು ಸಂಗತಿ ಮರೆತೇ ಹೋಗಿತ್ತು. ಅಧಿಕಾರಿಯಿರಲಿ, ಶಾಸಕರಿರಲಿ, ಮದುವೆಗಂಡಿರಲಿ, ನಮ್ಮೆದುರು ಕೂತವರೆಲ್ಲ ನಾವು ಹೇಳಿದಂತೆ ಕೇಳುವವರೇ.

"ಎಲ್ರೂ ಉಸಿರು ಹಿಡ್ಕಳಿ" ಎಂದರು ರತ್ನಮ್ಮ. ಹೆಡ್‌ಮಾಸ್ಟರೂ ಸೇರಿ ಇಡೀ ಕ್ಲಾಸು ಹಿಡಿದುಕೊಂಡಿತು. ಅವರು ಅವಸರವೇನೂ ಮಾಡಲಿಲ್ಲ.