ಮೂರನೇ ಟ್ಯಾಬಿನ ಪ್ರಶ್ನೆ

ಶಿವಮೊಗ್ಗದ ದುರ್ಗಿಗುಡಿಯ ತನುಜಾ ಭದ್ರಾವತಿಯ ಮೆಸ್ಸೊಂದಕ್ಕೆ ಮೊಬೈಲ್ ಆ್ಯಪ್ ಮಾಡಿಕೊಟ್ಟಿದ್ದಳು. ಪರದೆಯ ಕೆಳಗೆ ಮೂರು ಟ್ಯಾಬ್: ಇವತ್ತಿನ ಊಟ, ಆರ್ಡರ್, ನಿಮ್ಮ ಮಾತು. ಖಾಲಿ ಪುಟ ಕಂಡರೆ ಅವಳಿಗಾಗದು. ಪರೀಕ್ಷೆಗೆಂದು ಮೂರನೆಯದರಲ್ಲಿ, ತೀರಿಕೊಂಡ ಅಮ್ಮ ದಿನಾ ಮಧ್ಯಾಹ್ನ ಫೋನಿನಲ್ಲಿ ಕೇಳುತ್ತಿದ್ದ ಮಾತನ್ನೇ ಬರೆದಿದ್ದಳು. ಅಳಿಸಲು ಮರೆತೇಬಿಟ್ಟಳು.

ಮೆಸ್ಸಿನ ಜ್ಞಾನೇಶ್ ಫೋನ್ ಮಾಡಿದ. "ಮೇಡಂ, 'ಊಟ ಆಯ್ತೇನೇ ಮಾರಾಯ್ತಿ?' ಅಂತ ಬರ್ತಿದೆ. ಗಂಡಸರೂ ಉತ್ತರ ಬರೀತಿದಾರೆ!"

"ಅಯ್ಯೋ, ಈಗಲೇ ತೆಗೀತೀನಿ."

"ಬೇಡ, ಇರ್ಲಿ ಬಿಡಿ."

ತನುಜಾ ಆ ಟ್ಯಾಬ್ ಒತ್ತಿದಳು. 'ಆಯ್ತು', 'ಆಯ್ತಮ್ಮ', 'ಈಗ ಕೂತೆ' ಎಂದು ಸಾಲು ಸಾಲು ಉತ್ತರಗಳು. ಅಮ್ಮ ಕೇಳಿದಾಗಲೆಲ್ಲ ಅವಳು "ಕೆಲಸ ಇದೆ, ಫೋನ್ ಇಡು" ಎಂದು ರೇಗುತ್ತಿದ್ದಳು.

ಎಲ್ಲದರ ಕೆಳಗೆ ಬರೆದಳು: 'ಇನ್ನೂ ಇಲ್ಲಮ್ಮ. ಇನ್ನೊಂದ್ಸಲ ಕೇಳು.'