ಪರದೆ ತುಂಬ ಸ್ವಂತ ಮಳೆ

ಕೊಲ್ಲಿ ದೇಶದ ಬುದಯ್ಯ ಎಂಬ ಊರಿನ ಒಂದು ವಿಲ್ಲಾದಲ್ಲಿ ಟಿವಿಗೆ ಹೊಸ ಬಾಕ್ಸ್ ಜೋಡಿಸುತ್ತಿದ್ದೆ. ಮನೆಯ ಯಜಮಾನರು ಸ್ಕಾಟ್ಲೆಂಡಿನವರು. ಲಂಡನ್ನಿನ ಚಾನೆಲ್‌ನ ಹವಾಮಾನ ವರದಿ ನೋಡಿ ಸಿಡುಕಿದರು: "ಲಂಡನ್ನಿನವರಿಗೆ ನಾವು ನಕ್ಷೆಯ ಮೂಲೆ ಅಷ್ಟೇ. ಸ್ಕಾಟ್ಲೆಂಡಿಗೆ ಸ್ವಾತಂತ್ರ್ಯ ಸಿಗಲಿ, ನಮ್ಮದೇ ಸರಕಾರಿ ಟಿವಿ ಬರುತ್ತದೆ. ಮೊದಲು ನಮ್ಮ ಮಳೆ, ಆಮೇಲೆ ಅವರ ಬಿಸಿಲು!"

"ನನ್ನ ಧಾರಾವಾಹಿ?" ಲಂಡನ್ನಿನವರಾದ ಹೆಂಡತಿ ಕೇಳಿದರು.

"ಹೊರದೇಶದ್ದು ಅಂತ ದುಡ್ಡು ಕೊಟ್ಟು ತರಿಸೋಣ."

"ಹಾಗಾದರೆ ನಾನೂ ಹೊರದೇಶದವಳೇ?"

ಯಜಮಾನರು ಟಿವಿಯತ್ತ ತಿರುಗಿದರು. ಅಷ್ಟರಲ್ಲಿ ನನಗೆ ಹೊಸ ಬಾಕ್ಸಿನಲ್ಲಿ ಅವರ ಪ್ರಾದೇಶಿಕ ಚಾನೆಲ್ ಸಿಕ್ಕಿತು. ಪರದೆ ತುಂಬ ಸ್ಕಾಟ್ಲೆಂಡ್, ಅದರ ತುಂಬ ಮಳೆ!

"ನೋಡು, ಸ್ವಾತಂತ್ರ್ಯದ ಸ್ಯಾಂಪಲ್!" ಎಂದು ಅವರು ನನ್ನನ್ನು ತಬ್ಬಿಕೊಂಡು ಕುಣಿದರು. ಹೆಂಡತಿಯೂ ನಕ್ಕು ಚಪ್ಪಾಳೆ ತಟ್ಟಿದರು. ನಾನೇ ಒಂದು ದೇಶ ಬಿಡಿಸಿಕೊಟ್ಟ ಹಾಗೆ ಬೀಗಿದೆ.

ಅದೇ ಹುರುಪಿನಲ್ಲಿ ಸನದ್‌ನ ನನ್ನ ರೂಮಿಗೆ ಬಂದು ಬೆಂಗಳೂರಿನ ವಾರ್ತೆ ಹಾಕಿದೆ. ಹವಾಮಾನ ನಕ್ಷೆಯ ಮೂಲೆಯಲ್ಲಿ ನಮ್ಮ ಮಂಗಳೂರು ಎಂದಿನಂತೆ ವಾಚಕಿಯ ಭುಜದ ಹಿಂದೆ ನೆನೆಯುತ್ತಿತ್ತು.